ಅಳಿಲು ಸಾರು

"ಅವರು ಅಳಿಲು ತಿಂತಾರಂತೆ."

ನಮ್ಮ ಕಡೆ ಈ ಮಾತು ಕೇಳಿದವರಿಗೆ ಗೊತ್ತು, ಇದು ಅಳಿಲಿನ ಬಗ್ಗೆ ಹೇಳೋ ಮಾತಲ್ಲ, ತಿನ್ನೋರ ಬಗ್ಗೆ ಹೇಳೋ ಮಾತು. ಹೇಳುವವರ ಮೂಗು ಸ್ವಲ್ಪ ಮೇಲಕ್ಕೆ ಹೋಗಿರುತ್ತೆ. ಅಮೆರಿಕಾದಲ್ಲೂ ಈ ಮಾತಿಗೆ ಅದೇ ಮೂಗು ಇದೆ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು.

ಇಲ್ಲಿ ಅಂದ್ರೆ ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್. ವಾಲ್‌ಮಾರ್ಟಿನ ಹೆಡ್ಡಾಫೀಸು ಇರೋ ಊರು. 2020ರ ಜನಗಣತಿಯಲ್ಲಿ 54 ಸಾವಿರ ಚಿಲ್ಲರೆ ಜನ. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ತೆಲುಗರು, ತಮಿಳರು, ನಮ್ಮವರು ಬೇಕಾದಷ್ಟಿದ್ದಾರೆ. ಇದೇ ಊರಲ್ಲಿ 2011ರಲ್ಲಿ 'ವಿಶ್ವ ಚಾಂಪಿಯನ್ ಅಳಿಲು ಅಡುಗೆ ಸ್ಪರ್ಧೆ' ಅಂತ ಒಂದು ಶುರುವಾಯ್ತು. ತಮಾಷೆಗೆ ಹೇಳ್ತಾ ಇಲ್ಲ. ತಂಡಗಳು ಬಂದು ಒಲೆ ಹೂಡಿ, ತೀರ್ಪುಗಾರರ ಮುಂದೆ ತಟ್ಟೆ ಇಡಬೇಕು. ಮಾಂಸದಲ್ಲಿ ನೂರಕ್ಕೆ 80 ಭಾಗ ಅಳಿಲೇ ಇರಬೇಕು ಅನ್ನೋದು ನಿಯಮ. ನ್ಯೂಯಾರ್ಕಿನ ಪೇಪರಿನವರಿಗೆಲ್ಲ ಇದೊಂದು ನಗುವ ಸುದ್ದಿ. ಗುಡ್ಡಗಾಡಿನ ಬಡ ಬಿಳಿಯರನ್ನು ಹಂಗಿಸೋಕೆ ಇಲ್ಲಿ ಇರೋ ಬೈಗುಳಗಳ ಪಕ್ಕದಲ್ಲೇ ಅಳಿಲೂ ಕೂತಿರುತ್ತೆ.

ಈ ರಾಜ್ಯದ ಗವರ್ನರ್ ಆಗಿದ್ದ ಮೈಕ್ ಹಕಬೀ 2008ರಲ್ಲಿ ರಾಷ್ಟ್ರಾಧ್ಯಕ್ಷ ಚುನಾವಣೆಯ ಅಭ್ಯರ್ಥಿತನಕ್ಕೆ ಓಡಾಡ್ತಿದ್ದಾಗ, ಕಾಲೇಜು ಹಾಸ್ಟೆಲಿನಲ್ಲಿ ಪಾಪ್‌ಕಾರ್ನ್ ಮಾಡೋ ಪಾತ್ರೆಯಲ್ಲಿ ಅಳಿಲು ಹುರಿದು ತಿಂದಿದ್ದೀವಿ ಅಂತ ಟಿವಿಯಲ್ಲಿ ಹೇಳಿಬಿಟ್ಟರು. ಆಮೇಲೆ ಅವರ ನೀತಿ, ನಿಲುವು ಏನು ಅಂತ ಕೇಳಿದವರಿಗಿಂತ ಅಳಿಲಿನ ಬಗ್ಗೆ ಜೋಕು ಹೊಡೆದವರೇ ಜಾಸ್ತಿ.

ನನಗೆ ಅಳಿಲು ತಿನ್ನಿಸಿದ್ದು ಪಕ್ಕದ ಮನೆಯ ಅಜ್ಜ. ಎಪ್ಪತ್ತು ದಾಟಿದೆ. ಹುಟ್ಟಿದ್ದು ಬೆಳೆದಿದ್ದು ಇಲ್ಲಿಂದ ಎರಡು ಗಂಟೆ ದೂರದ ಓಝಾರ್ಕ್ ಗುಡ್ಡಗಳಲ್ಲಿ. ಬೇಲಿ ಹತ್ತಿರ ನಿಂತು ಮಾತಾಡೋ ಅಭ್ಯಾಸ. ನಮ್ಮ ಮನೆಯಿಂದ ಹೋಗೋ ಕೋಳಿ ಸಾರಿನ ವಾಸನೆ ಅವರಿಗೆ ಇಷ್ಟ. ಒಂದಿನ ಕೇಳಿದರು, "ಅಳಿಲು ತಿಂತೀಯಾ?" ಕೇಳಿದ ಮೇಲೆ ನನ್ನ ಮುಖವನ್ನೇ ನೋಡ್ತಾ ನಿಂತರು. ಆ ನೋಟ ನನಗೆ ಪರಿಚಯದ್ದೇ. ನಮ್ಮ ಡಬ್ಬಿ ತೆಗೆಯೋ ಮೊದಲು ಪಕ್ಕದವರ ಮುಖ ನೋಡ್ತೀವಲ್ಲ, ಹಾಗೆ.

ಅವರು ಹೇಳಿದ ಕತೆ ಇಷ್ಟು. ಅವರ ಅಪ್ಪನ ಕಾಲಕ್ಕೆ ಈ ಗುಡ್ಡಗಳಲ್ಲಿ ಜಿಂಕೆಯೇ ಇರಲಿಲ್ಲ. ಇದು ಬರೀ ಅಜ್ಜನ ಮಾತಲ್ಲ, ದಾಖಲೆಯಲ್ಲೂ ಇದೆ. 1930ರ ಸುಮಾರಿಗೆ ಇಡೀ ಅರ್ಕನ್ಸಾದಲ್ಲಿ ಉಳಿದಿದ್ದ ಜಿಂಕೆಗಳು ಕೆಲವೇ ನೂರು. ಹೊಡೆದೂ ಹೊಡೆದೂ, ಕಾಡು ಕಡಿದೂ ಕಡಿದೂ ಖಾಲಿಯಾಗಿತ್ತು. ದನ ಕಡಿಯೋಷ್ಟು ಸ್ಥಿತಿವಂತರಲ್ಲ, ಹಂದಿ ವರ್ಷಕ್ಕೊಂದು. ಮಧ್ಯದ ದಿನಗಳಿಗೆ ಸಿಗ್ತಿದ್ದಿದ್ದು ಅಳಿಲು, ಮೊಲ, ಹೊಳೆಯ ಮೀನು. ಹುಡುಗನ ಕೈಗೆ ಮೊದಲ ಕೋವಿ ಕೊಟ್ಟರೆ ಹೊಡೆಯೋಕೆ ಕಲಿಯೋದು ಅಳಿಲಿನ ಮೇಲೆ. ಒಂದು ಈಡಿಗೆ ಒಂದು ಅಳಿಲು ಬೀಳದಿದ್ದರೆ ತೋಟಾ ದಂಡ ಮಾಡಿದ ಅಂತ ಅಪ್ಪ ಬೈತಿದ್ದರಂತೆ.

"ಸ್ಕೂಲಿಗೆ ಅದನ್ನೇ ಬ್ರೆಡ್ಡಿನ ಮಧ್ಯ ಇಟ್ಟು ಕಳಿಸ್ತಿದ್ದಳು ಅಮ್ಮ. ಪೇಟೆಯ ಹುಡುಗರು ಕೋಳಿಯಾ ಅಂತ ಕೇಳಿದರೆ ಹೂಂ ಅಂತಿದ್ದೆ" ಅಂದರು. ಅರವತ್ತು ವರ್ಷದ ಹಿಂದಿನ ಸುಳ್ಳನ್ನು ಅವರು ಇನ್ನೂ ಮರೆತಿಲ್ಲ.

ಅಕ್ಟೋಬರಿನ ಒಂದು ಶನಿವಾರ ಬೆಳಗಿನ ಜಾವ ಅವರ ಜೊತೆ ಹೋದೆ. ಇಲ್ಲಿ ಅಳಿಲು ಬೇಟೆಗೆ ಲೈಸೆನ್ಸ್ ಬೇಕು, ಕಾಲ ಗೊತ್ತಿದೆ, ದಿನಕ್ಕೆ ಇಷ್ಟೇ ಅಂತ ಲೆಕ್ಕ ಇದೆ. ಕೋವಿ ಅವರದು, ಲೈಸೆನ್ಸ್ ಅವರದು. ನಾನು ಚೀಲ ಹಿಡಿಯೋಕೆ.

ಅಳಿಲು ಬೇಟೆ ಅಂದ್ರೆ ಓಡೋದು ಅಟ್ಟಿಸೋದು ಏನೂ ಇಲ್ಲ. ಸುಮ್ಮನೆ ಕೂರೋದು. ಹಿಕರಿ ಮರದ ಬುಡದಿಂದ ಸ್ವಲ್ಪ ದೂರ ಕೂತರೆ ಬೆಳಕು ಹರಿಯೋ ಹೊತ್ತಿಗೆ ಮೇಲಿಂದ ಸಣ್ಣಗೆ ಹನಿ ಬಿದ್ದ ಹಾಗೆ ಸದ್ದು. ಹನಿಯಲ್ಲ, ಅಳಿಲು ಕಾಯಿ ಕೊರೆದು ಬೀಳಿಸ್ತಿರೋ ಸಿಪ್ಪೆ. ಆ ಸದ್ದಿನ ನೇರಕ್ಕೆ ನೋಡಬೇಕು. ಅಜ್ಜನ ಕೈಯಲ್ಲಿದ್ದಿದ್ದು ಪಾಯಿಂಟ್ ಇಪ್ಪತ್ತೆರಡರ ಸಣ್ಣ ರೈಫಲ್. ಚರೆ ಕೋವಿಯಲ್ಲೂ ಹೊಡೀತಾರೆ, ಆದರೆ ಆಮೇಲೆ ಊಟದಲ್ಲಿ ಹಲ್ಲಿಗೆ ಚರೆ ಸಿಗುತ್ತೆ. ಎರಡೂವರೆ ಗಂಟೆಗೆ ನಾಲ್ಕು ಅಳಿಲು. ಮೂರು ಬೂದು ಅಳಿಲು, ಒಂದು ಕೆಂಚು ಬಣ್ಣದ ದೊಡ್ಡದು, ಇಲ್ಲಿಯವರು ನರಿ ಅಳಿಲು ಅಂತಾರೆ. ಬೂದು ಅಳಿಲು ಒಂದೊಂದು ಅರ್ಧ ಕೇಜಿ ಆಚೀಚೆ ತೂಗುತ್ತೆ, ನರಿ ಅಳಿಲು ಮುಕ್ಕಾಲರಿಂದ ಒಂದು ಕೇಜಿವರೆಗೂ ಹೋಗುತ್ತೆ. ಚರ್ಮ, ತಲೆ, ಕರುಳು ತೆಗೆದರೆ ಅರ್ಧಕ್ಕಿಂತ ಕಡಿಮೆ ಉಳಿಯೋದು.

ಬೇಟೆಗಿಂತ ಕಷ್ಟದ ಕೆಲಸ ಚರ್ಮ ಸುಲಿಯೋದು. ಅಳಿಲಿನ ಚರ್ಮ ಮೈಗೆ ಅಂಟಿಕೊಂಡಿರುತ್ತೆ, ಕೂದಲು ಒಂದ್ಸಲ ಮಾಂಸಕ್ಕೆ ಹತ್ತಿದರೆ ತೊಳೆದರೂ ಹೋಗಲ್ಲ. ಅದಕ್ಕೇ ಮೊದಲು ನೀರಲ್ಲಿ ಅದ್ದಿ ನೆನೆಸ್ತಾರೆ. ಬಾಲದ ಬುಡದಲ್ಲಿ ಕೆಳಗಿನಿಂದ ಕೊಯ್ದು, ಮೂಳೆ ಕತ್ತರಿಸಿ, ಬೆನ್ನಿನ ಕಡೆ ಚರ್ಮ ಮಾತ್ರ ಹಾಗೇ ಬಿಟ್ಟು, ಬಾಲದ ಮೇಲೆ ಬೂಟುಗಾಲಿಟ್ಟು ಹಿಂಗಾಲು ಹಿಡಿದು ಮೇಲಕ್ಕೆ ಎಳೆದರೆ ಅಂಗಿ ಕಳಚಿದ ಹಾಗೆ ಬರುತ್ತೆ. ಅಜ್ಜನಿಗೆ ಒಂದಕ್ಕೆ ಒಂದು ನಿಮಿಷ. ನಾನು ಮಾಡಿದ್ದಕ್ಕೆ ಕಾಲು ಗಂಟೆ :) ಅಮೆರಿಕಾದ ಮನೆಮನೆಯಲ್ಲಿದ್ದ 'ಜಾಯ್ ಆಫ್ ಕುಕಿಂಗ್' ಅನ್ನೋ ಅಡುಗೆ ಪುಸ್ತಕದ 1975ರ ಆವೃತ್ತಿಯಲ್ಲಿ ಬಾಲ ಮೆಟ್ಟಿದ ಬೂಟುಗಾಲಿನ ಚಿತ್ರವೇ ಇದೆ. ಅಂದ್ರೆ ಅಷ್ಟು ಈಚಿನವರೆಗೂ ಇದು ಒಬ್ಬ ಸಾಮಾನ್ಯ ಗೃಹಿಣಿಗೆ ಗೊತ್ತಿರಬೇಕಾದ ವಿದ್ಯೆ.

ಬಾಲ ಬಿಸಾಡಲಿಲ್ಲ ಅವರು. ಬುಡಕ್ಕೆ ಉಪ್ಪು ಹಚ್ಚಿ ಒಣಗಿಸಿಟ್ಟರು. ವಿಸ್ಕಾನ್ಸಿನ್ನಿನ ಮೆಪ್ಸ್ ಅನ್ನೋ ಗಾಳದ ಕಂಪನಿ ಅಳಿಲು ಬಾಲ ಕೊಂಡುಕೊಳ್ಳುತ್ತೆ, ಮೀನು ಸೆಳೆಯೋ ಗಾಳಕ್ಕೆ ಕಟ್ಟೋಕೆ. ಬಾಲಕ್ಕೋಸ್ಕರ ಅಂತ ಅಳಿಲು ಹೊಡೀಬೇಡಿ, ಊಟಕ್ಕೆ ಹೊಡೆದದ್ದರ ಬಾಲ ಮಾತ್ರ ಕಳಿಸಿ ಅಂತ ಅವರೇ ಹೇಳ್ತಾರೆ.

ತಲೆಯನ್ನು ಮಾತ್ರ ಗುಂಡಿ ತೋಡಿ ಹೂತರು. "ನಮ್ಮಜ್ಜಿ ಮೆದುಳನ್ನು ಮೊಟ್ಟೆ ಜೊತೆ ಕಲಸಿ ಕೊಡ್ತಿದ್ದಳು, ಈಗ ಬೇಡ" ಅಂದರು. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೆಂಟಕಿಯ ವೈದ್ಯರು ಒಂದು ಪತ್ರ ಬರೆದಿದ್ದರು. ಹುಚ್ಚು ಹಸು ರೋಗದ ಜಾತಿಗೆ ಸೇರಿದ ಮೆದುಳಿನ ಕಾಯಿಲೆ ಬಂದ ಐದು ಜನರೂ ಅಳಿಲಿನ ಮೆದುಳು ತಿಂದವರು ಅಂತ. ಅಳಿಲಿಂದಲೇ ಬಂತು ಅಂತ ಸಾಬೀತಾಗಿಲ್ಲ. ಆದರೂ ಆವತ್ತಿನಿಂದ ಬಹಳ ಜನ ಬಿಟ್ಟರು. ಕೈಗೆ ರಬ್ಬರ್ ಗ್ಲೌಸ್ ಹಾಕೋದೂ ಹೊಸ ರೂಢಿಯೇ.

ಮುಂಗಾಲಿನ ಕಂಕುಳಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತೆ, ಅದನ್ನು ತೆಗೀಬೇಕು, ಇಲ್ಲದಿದ್ರೆ ವಾಸನೆ. ಆಮೇಲೆ ಐದು ತುಂಡು. ಎರಡು ಹಿಂಗಾಲು, ಎರಡು ಮುಂಗಾಲು, ಬೆನ್ನು. ರಾತ್ರಿಯೆಲ್ಲ ಉಪ್ಪು ನೀರಲ್ಲಿ. ಎಳೆಯದಾದರೆ ಹಿಟ್ಟು ಹಚ್ಚಿ ಕರೀತಾರೆ. ಬಲಿತದ್ದಾದರೆ ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಮೂಳೆ ಬಿಡಿಸಿ, ಆ ನೀರಲ್ಲೇ ಮೈದಾ ಹಿಟ್ಟಿನ ಉಂಡೆಗಳನ್ನು ಬಿಡ್ತಾರೆ. ಇಲ್ಲವಾದರೆ ಹಾಲು, ಹಿಟ್ಟು ಹಾಕಿ ಗಟ್ಟಿ ಗ್ರೇವಿ. ನೋಡ್ತಾ ನೋಡ್ತಾ ನನಗೆ ಅನ್ನಿಸಿದ್ದು, ಇದು ನಮ್ಮದೇ ಲೆಕ್ಕ. ಏಡಿ ಸಾರಲ್ಲಿ ಏಡಿ ಎಷ್ಟಿರುತ್ತೆ? ಮಾಂಸ ಒಂದು ಹಿಡಿ, ಉಣ್ಣೋ ಬಾಯಿ ಎಂಟು. ಹಾಗಾಗಿ ರುಚಿಯನ್ನು ನೀರಿಗಿಳಿಸಿ, ನೀರಿಗೆ ಮುದ್ದೆ ಹಚ್ಚೋದು. ಅವರಿಗೆ ಮೈದಾ ಉಂಡೆ, ನಮಗೆ ರಾಗಿ ಉಂಡೆ.

ಎರಡು ಅಳಿಲು ನನ್ನ ಪಾಲಿಗೆ ಕೊಟ್ಟರು. ಮನೆಯವಳು ಒಂದೇ ಮಾತು ಹೇಳಿದಳು. "ನನ್ನ ಅಡುಗೆ ಮನೆಗೆ ತರಬೇಡಿ." ಸರಿ, ಗ್ಯಾರೇಜಿನಲ್ಲಿ ಕ್ಯಾಂಪಿಂಗ್ ಒಲೆ, ಹಳೇ ಕುಕ್ಕರ್. ಧನಿಯ, ಒಣಮೆಣಸಿನಕಾಯಿ, ಮೆಣಸು, ಚಕ್ಕೆ ಲವಂಗ, ಸ್ವಲ್ಪ ಗಸಗಸೆ ಹುರಿದು, ಕಾಯಿ, ಸುಟ್ಟ ಈರುಳ್ಳಿ ಜೊತೆ ರುಬ್ಬಿ, ನಮ್ಮ ಕಡೆ ಮೊಲದ ಸಾರಿಗೆ ಹಾಕೋ ಮಸಾಲೆಯೇ. ಮೊದಲು ಅರಿಶಿನ, ಶುಂಠಿ ಬೆಳ್ಳುಳ್ಳಿಯಲ್ಲಿ ತುಂಡುಗಳನ್ನು ಬಾಡಿಸಿ ಆರು ವಿಷಲ್. ಅಜ್ಜನ ಎರಡು ಗಂಟೆ ಕೆಲಸ ಕುಕ್ಕರಿನಲ್ಲಿ ಅರ್ಧ ಗಂಟೆ. ಅವರು ಬಗ್ಗಿ ಬಗ್ಗಿ ಕುಕ್ಕರ್ ನೋಡ್ತಿದ್ದರು.

ರುಚಿ ಹೇಗಿತ್ತು ಅಂತ ತಾನೆ ಕೇಳ್ತೀರಿ? ಕೋಳಿ ಥರ ಅಲ್ಲ. ಎಲ್ಲದಕ್ಕೂ ಕೋಳಿ ಥರ ಅಂದುಬಿಡೋದು ಒಂದು ಸೋಮಾರಿತನ. ಮೊಲಕ್ಕೆ ಹತ್ತಿರ, ಆದರೆ ಮೊಲಕ್ಕಿಂತ ಬಣ್ಣ ಗಾಢ, ಎಳೆ ಬಿಗಿ. ಹಿಂಗಾಲಿನಲ್ಲಿ ಮಾತ್ರ ಬಾಯಿ ತುಂಬೋಷ್ಟು ಮಾಂಸ. ವರ್ಷವಿಡೀ ಓಕ್ ಕಾಯಿ, ಹಿಕರಿ ಕಾಯಿ ತಿಂದ ಪ್ರಾಣಿ, ನಾತ ಅನ್ನೋದು ಇಲ್ಲ. ಅಜ್ಜ ಖಾರಕ್ಕೆ ಕಣ್ಣೊರೆಸಿಕೊಂಡು ಎರಡು ಸಲ ಹಾಕಿಸಿಕೊಂಡರು.

ಅಂಗಡಿಗೆ ಹೋಗಿ ಕೇಳಿದರೆ ಈ ಮಾಂಸ ಸಿಗಲ್ಲ, ಹೋಟೆಲಲ್ಲೂ ಇಲ್ಲ. ಕಾಡಿನಲ್ಲಿ ಹೊಡೆದದ್ದನ್ನು ಇಲ್ಲಿ ಮಾರುವಂತಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪೇಟೆಗೆ ಮಾಂಸ ಸಾಗಿಸೋಕೆ ಅಂತಲೇ ಹೊಡೆಯೋ ವೃತ್ತಿ ಬೇಟೆಗಾರರಿದ್ದರು. ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳ ಅವರ ಕೈಯಲ್ಲೇ ಮುಗೀತು. ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆ ಪಾಠದಿಂದಲೇ 1900ರ ಲೇಸಿ ಕಾಯ್ದೆ, ರಾಜ್ಯಗಳ ಕಾನೂನು ಎಲ್ಲ ಬಂದವು. ಹಾಗಾಗಿ ಅಳಿಲು ತಿನ್ನಬೇಕು ಅಂದ್ರೆ ನೀವೇ ಹೊಡೀಬೇಕು, ಇಲ್ಲಾ ಹೊಡೆದವರು ಪ್ರೀತಿಯಿಂದ ಕೊಡಬೇಕು.

ನನ್ನ ಮಗಳಿಗೆ ಒಂಬತ್ತು ವರ್ಷ. ತಿನ್ನಲಿಲ್ಲ, ಆದರೆ ಎಲ್ಲ ನೋಡಿದಳು. "ಇದು ರಾಮನ ಸೇತುವೆಗೆ ಮರಳು ಹಾಕಿದ ಅಳಿಲಾ?" ಅಂತ ಕೇಳಿದಳು. ಇಲ್ಲ ಪುಟ್ಟ, ಅದು ಬೇರೆ ಜಾತಿ, ಅದಕ್ಕೆ ಬೆನ್ನ ಮೇಲೆ ಮೂರು ಪಟ್ಟೆ, ಇದಕ್ಕೆ ಒಂದೂ ಇಲ್ಲ ಅಂದೆ. ಉತ್ತರ ಭಾರತದ ಅಳಿಲಿಗೆ ಐದು ಪಟ್ಟೆ ಇರುತ್ತೆ ಅಂತಲೂ ಹೇಳಿದೆ. "ಹಾಗಾದ್ರೆ ಅಲ್ಲಿ ರಾಮ ಐದೂ ಬೆರಳಲ್ಲಿ ಸವರಿದನಾ?" ನನಗೆ ಉತ್ತರ ಇರಲಿಲ್ಲ :)

ಯುಗಾದಿಗೆ ಇಲ್ಲಿನ ಕನ್ನಡದವರು ಕೆಲವು ಮನೆಯವರು ಸೇರಿದ್ದೆವು. ಹೋಳಿಗೆ, ಮಾವಿನಕಾಯಿ ಚಿತ್ರಾನ್ನ ಎಲ್ಲ ಆಗಿತ್ತು. ಮಾತಿನ ಮಧ್ಯೆ ಮಗಳು ಜೋರಾಗಿ "ನಮ್ಮಪ್ಪ ಅಳಿಲು ತಿಂದ್ರು" ಅಂದಳು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬರು ನಗುತ್ತಾ, "ಏನ್ ಸ್ವಾಮಿ, ಹಕ್ಕಿಪಿಕ್ಕಿ ಆಗ್ಬಿಟ್ರಾ?" ಅಂದರು. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಮಗಳು ಕಾರಿನಲ್ಲಿ ಕೇಳಿದಳು, "ಅಪ್ಪಾ, ಹಕ್ಕಿಪಿಕ್ಕಿ ಅಂದ್ರೆ ಬೈಗುಳಾನಾ?"

ಈ ಪ್ರಶ್ನೆಗೆ ಉತ್ತರ ಹೇಳೋಕೆ ನಾನು ಅವಳನ್ನು ನಮ್ಮೂರಿಗೆ ಕರೆದುಕೊಂಡು ಹೋಗಬೇಕಾಯ್ತು, ಮಾತಿನಲ್ಲಿ.

ನಮ್ಮ ತಾತ ಸಕಲೇಶಪುರದ ಕಡೆಯವರು. ಮನೆಯಲ್ಲಿ ಕೋವಿ ಇತ್ತು. ಆ ಕಾಲದಲ್ಲಿ ಮೊಲ, ಕಾಡುಕೋಳಿ, ಮರದ ತುದಿಯಲ್ಲಿರೋ ಕೆಂದಳಿಲು, ಎಲ್ಲ ಹೊಡೆದವರೇ. ಕೆಂದಳಿಲು ಅಂದ್ರೆ ನಮ್ಮ ಘಟ್ಟದ ದೊಡ್ಡ ಅಳಿಲು, ಒಂದೂವರೆ ಎರಡು ಕೇಜಿ ಬರುತ್ತೆ, ಕಂದುಗೆಂಪು ಮೈ, ಮೈಗಿಂತ ಉದ್ದ ಬಾಲ. ತಾತ ಅದನ್ನು ತಿಂದಿದ್ದನ್ನು ಮನೆಯಲ್ಲಿ ಹೆಮ್ಮೆಯಿಂದಲೇ ಹೇಳ್ತಿದ್ದರು. ಶಿಕಾರಿಯ ಕತೆ ಅಂದ್ರೆ ಮಕ್ಕಳೆಲ್ಲ ಸುತ್ತ ಕೂರ್ತಿದ್ದೆವು. ಅವರನ್ನು ಯಾರೂ ಅಳಿಲು ತಿನ್ನೋರು ಅಂತ ಕರೆದಿದ್ದು ನಾನು ಕೇಳಿಲ್ಲ.

ನಮ್ಮ ಶಾಲೆಗೆ ಹಕ್ಕಿಪಿಕ್ಕಿಯವರ ಒಬ್ಬ ಹುಡುಗ ಬರ್ತಿದ್ದ. ಬಲೆ ಹಾಕಿ ಕೌಜುಗ, ಲಾವಕ್ಕಿ, ಮೊಲ, ಅಳಿಲು ಹಿಡಿದು ಬದುಕಿದ ಜನ. ಒಂದು ಮಧ್ಯಾಹ್ನ ಅವನ ಡಬ್ಬಿಯಲ್ಲಿ ಅಳಿಲಿನ ಮಾಂಸ ಇದೆ ಅಂತ ಯಾರೋ ಕಂಡುಹಿಡಿದರು. ಮೇಷ್ಟ್ರು ಅವನನ್ನು ಹೊರಗಿನ ಜಗಲಿಯಲ್ಲಿ ಕೂತು ತಿನ್ನು ಅಂದರು. ಮಾರನೇ ದಿನದಿಂದ ಅವನು ಡಬ್ಬಿ ತರೋದು ಬಿಟ್ಟ. ಆ ವರ್ಷ ಮುಗಿಯೋದರೊಳಗೆ ಶಾಲೆಗೆ ಬರೋದೂ ಬಿಟ್ಟ. ಅಳಿಲು ಎರಡು ಕಡೆಯದೂ ಅಳಿಲೇ. ತಾತ ಹೊಡೆದರೆ ಶಿಕಾರಿ, ಇವರು ಹಿಡಿದರೆ ಅಸಹ್ಯ.

ಕಾನೂನಿನ ಮುಂದೆ ಇಬ್ಬರೂ ಒಂದೇ ಅನ್ನಬಹುದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿಯ ನಂತರ ಲೈಸೆನ್ಸ್ ಪಡೆದು ಬೇಟೆಯಾಡೋದೂ ನಿಂತಿತು. ಅದು ಬೇಕಾಗಿತ್ತು, ಕಾಡು ಉಳಿದಿದ್ದರೆ ಅದರಿಂದಲೇ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಯಾರೂ ನಮ್ಮೂರಲ್ಲಿ ಅಳಿಲು ಹೊಡೆಯಲಿ ಅಂತ ನಾನು ಬರೀತಾ ಇಲ್ಲ. ಆದರೆ ತಾತನಿಗೆ ಕಾಫಿ ತೋಟ ಇತ್ತು, ಕೋವಿ ಗೋಡೆಗೆ ನೇತುಹಾಕಿ ಕೋಳಿ ಸಾಕಿದರು. ಹಕ್ಕಿಪಿಕ್ಕಿಯವರಿಗೆ ಬಲೆಯೇ ತೋಟ. ಹುಣಸೂರು ತಾಲ್ಲೂಕಿನಲ್ಲಿ ಅವರನ್ನು ನೆಲೆ ನಿಲ್ಲಿಸಿದ ಊರಿಗೆ ಪಕ್ಷಿರಾಜಪುರ ಅಂತ ಹೆಸರು. ಹೆಸರಲ್ಲಿ ಪಕ್ಷಿ ಇದೆ, ಹಿಡಿಯೋ ಹಾಗಿಲ್ಲ. ಕೂದಲೆಣ್ಣೆ, ಗಿಡಮೂಲಿಕೆ ಅಂತ ವ್ಯಾಪಾರ ಹುಡುಕಿಕೊಂಡು ದೇಶದೇಶ ಸುತ್ತಿದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕರ್ನಾಟಕದವರಲ್ಲಿ ಇವರೂ ಇದ್ದರು. ಆಗ ಎಷ್ಟೋ ಜನ ಮೊದಲ ಸಲ ಆ ಹೆಸರನ್ನು ಪೇಪರಿನಲ್ಲಿ ಓದಿದ್ದು.

ಅಮೆರಿಕಾದಲ್ಲೂ ಅಳಿಲಿನ ಕತೆ ಪೂರ್ತಿ ಬಿಳಿಯರದ್ದಲ್ಲ. ಬ್ರನ್ಸ್‌ವಿಕ್ ಸ್ಟ್ಯೂ ಅಂತ ದಕ್ಷಿಣದ ಪ್ರಸಿದ್ಧ ಅಡುಗೆ ಇದೆ. ವರ್ಜೀನಿಯಾದ ಬ್ರನ್ಸ್‌ವಿಕ್ ಕೌಂಟಿಯವರು ಹೇಳೋ ಕತೆ ಪ್ರಕಾರ 1828ರಲ್ಲಿ ಯಜಮಾನರು ಬೇಟೆಗೆ ಹೋಗಿದ್ದಾಗ ಜಿಮ್ಮಿ ಮ್ಯಾಥ್ಯೂಸ್ ಅನ್ನೋ ಗುಲಾಮ ಅಡುಗೆಯವನು ಅಳಿಲು, ಈರುಳ್ಳಿ, ಬೆಣ್ಣೆ, ಹಳೇ ಬ್ರೆಡ್ಡು ಹಾಕಿ ಕುದಿಸಿದ್ದು ಅದು. ಈಗ ಅದನ್ನು ಹೆಚ್ಚಾಗಿ ಕೋಳಿಯಲ್ಲೇ ಮಾಡ್ತಾರೆ. ಜಾರ್ಜಿಯಾದವರು ಅದು ನಮ್ಮದು ಅಂತ ಜಗಳ ಆಡ್ತಾರೆ. ಅಡುಗೆಗೆ ಊರಿನ ಹೆಸರು ಬಂತು, ಸೌಟು ಹಿಡಿದವನ ಹೆಸರು ಬರಲಿಲ್ಲ.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಬೈಗುಳ ಅಲ್ಲ ಪುಟ್ಟ, ಒಂದು ಜನರ ಹೆಸರು, ನನ್ನ ಕ್ಲಾಸಿನಲ್ಲಿ ಒಬ್ಬ ಇದ್ದ, ಅವನಿಗೆ ಹಕ್ಕಿಯ ಥರ ಕೂಗಿ ಹಕ್ಕಿಯನ್ನು ಕರೆಯೋಕೆ ಬರ್ತಿತ್ತು ಅಂದೆ. ಅವಳಿಗೆ ಅದು ತುಂಬಾ ದೊಡ್ಡ ವಿಷಯವಾಗಿ ಕಂಡಿತು. "ನಿಮಗೆ ಬರುತ್ತಾ?" ಅಂದಳು. ಇಲ್ಲ ಅಂದೆ.

ಯುಗಾದಿಗೆ ಆ ಮಾತು ಹೇಳಿದ ಗೆಳೆಯರಿಗೆ ಹೋದ ವಾರ ಫೋನ್ ಮಾಡಿ ಈ ಹುಡುಗನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಲ್ಲೂ ಒಬ್ಬಳಿದ್ದಳು ಕಣ್ರೀ" ಅಂತ ಶುರು ಮಾಡಿದರು. ಮುಕ್ಕಾಲು ಗಂಟೆ ಮಾತಾಡಿದೆವು.

ಅಜ್ಜನಿಗೆ ಮಸಾಲೆ ಹಿಡಿಸಿಬಿಟ್ಟಿದೆ. ಫ್ರೀಜರಿನಲ್ಲಿ ಇನ್ನೂ ಮೂರು ಅಳಿಲು ಇದೆಯಂತೆ, ಕುಕ್ಕರ್ ತಗೊಂಡು ಬಾ ಅಂದಿದ್ದಾರೆ. ಈ ಸಲ ಅವರ ಮೊಮ್ಮಕ್ಕಳೂ ಬರ್ತಾರಂತೆ, ಅವರಿಗೆ ಕೋಳಿ ಅಂತ ಹೇಳಲ್ಲ, ಅಳಿಲು ಅಂತಲೇ ಹೇಳ್ತೀನಿ ಅಂದರು.

ನಿಮ್ಮ ತರಗತಿಯಲ್ಲೂ ಜಗಲಿಯಲ್ಲಿ ಕೂತು ಉಂಡವರು ಯಾರಾದರೂ ಇದ್ದರಾ? ನೆನಪಿದ್ದರೆ ಬರೆಯಿರಿ.